ಕಾಲು ಸುತ್ತು

ಆ ಕ್ಯಾಟಲಾಗು ಮಡಚಿಡು ಯೋನಾ, ಕಾಫಿ ಆರುತ್ತಿದೆ.
ಸೌನಾ ಕಾಯಲು ಇನ್ನೂ ಒಂದು ಗಂಟೆ ಬೇಕು.
ಆ ನೀಲಿ ಪ್ರೆಸ್ಸಿನ ಚಿತ್ರ ನಾನೂ ನೋಡಿದ್ದೇನೆ:
ಒಮ್ಮೆ ಹಿಡಿ ಎಳೆದರೆ ಐದು ಕೆಲಸ,
ಗಂಟೆಗೆ ಐನೂರು ಗುಂಡು.
ಹೋದ ವರ್ಷ ನೀನು ಹಾರಿಸಿದ್ದು ಎಷ್ಟು?
ಹಲಗೆಗೆ ಎಂಟು, ಕಾಡಿನಲ್ಲಿ ಮೂರು.
ಹನ್ನೊಂದು ಗುಂಡಿಗೆ
ಒಂದು ನಿಮಿಷ ಇಪ್ಪತ್ತು ಸೆಕೆಂಡು;
ಉಳಿದ ವರ್ಷವೆಲ್ಲ ಅದರ ಧೂಳು ಒರೆಸುತ್ತೀಯಾ?

ಇಲ್ಲಿ ಬಾ, ಇದನ್ನು ಹಿಡಿದು ನೋಡು.
ಎರಕದ ಕಬ್ಬಿಣ. ಒಂದೇ ತೂತು, ಒಂದೇ ಡೈ,
ಒಂದು ಸಲಕ್ಕೆ ಒಂದೇ ಕೆಲಸ.
ಕೊಟ್ಟಿಗೆಯ ಹಳೇ ಬಾಗಿಲನ್ನೇ ಮೇಜು ಮಾಡಿ
ನಾಲ್ಕು ಬೋಲ್ಟು ಬಿಗಿದಿದ್ದೇನೆ.
ಹಸುಗಳು ಮೈ ಉಜ್ಜಿ ನುಣುಪಾದ ಅಂಚಿದು,
ಮೊಣಕೈಗೆ ಹಿತ.
ಹಿಡಿ ಇಳಿಸು. ಮೆಲ್ಲಗೆ. ಸಿಕ್ಕಿತಾ,
ಕೇಸಿನ ಕತ್ತು ಡೈಯೊಳಗೆ ಹೊಕ್ಕಾಗ
ಅಂಗೈಗೆ ಬರುವ ಸಣ್ಣ ತಡೆ?
ಅಮ್ಮ ಬೆಣ್ಣೆ ಕಡೆಯುವಾಗ
ಇನ್ನೇನು ಬಂತು ಅನ್ನುವ ಗಳಿಗೆಯಲ್ಲಿ
ಕೋಲು ಭಾರವಾಗುತ್ತಿತ್ತು, ಹಾಗೆ.
ಆ ತಡೆಯ ಮಾತು ನಿನಗೆ ಕೇಳಿಸಬೇಕು.
ನೀಲಿಯದರಲ್ಲಿ ಐದು ಜನ ಒಮ್ಮೆಲೇ ಮಾತಾಡುತ್ತಾರೆ,
ಯಾರು ಏನಂದರೋ ತಿಳಿಯುವುದಿಲ್ಲ.

ಡೈ ಯಾವುದು ಅಂದೆಯಲ್ಲ.
ಕಿಟಕಿಯ ಮೇಲಿನ ಆ ಜಾಮ್ ಜಾಡಿ ಕೊಡು.
ಒಳಗಿರುವುದೆಲ್ಲ ಸತ್ತ ಕೇಸು:
ಕತ್ತು ಸೀಳಿದ್ದು, ಪ್ರೈಮರಿನ ಗೂಡು ಸಡಿಲಾದದ್ದು.
ಒಂದೊಂದರ ಮೇಲೂ ವರ್ಷ ಗೀಚಿದ್ದೇನೆ.
ಇದೊಂದು ಮಾತ್ರ ಹಾರಲೇ ಇಲ್ಲ.
ಗುಂಡು ಕಿತ್ತು, ಮದ್ದು ಚೆಲ್ಲಿ, ಹಾಗೇ ಇಟ್ಟುಕೊಂಡಿದ್ದೇನೆ.

ಅರ್ಮಾಸ್ ಹೇಳಿದ್ದ:
ಕತ್ತನ್ನು ಮಾತ್ರ ಒತ್ತುವ ಡೈ ತಗೋ ಇರ್ಯಾ,
ಹಿತ್ತಾಳೆ ದಣಿಯುವುದಿಲ್ಲ, ಗುರಿ ಕೂದಲೆಳೆ ತಪ್ಪುವುದಿಲ್ಲ.
ಸುಳ್ಳೇನಲ್ಲ. ಅವನು ಹಲಗೆಗೆ ಹೊಡೆಯುವವನು.
ಹಲಗೆ ಎದ್ದು ಓಡುವುದಿಲ್ಲ.
ಹಿತ್ತಾಳೆ ಪ್ರತಿ ಸಲ ಕೋವಿಯ ಒಳಮನೆಯ ಅಳತೆಗೆ ಉಬ್ಬುತ್ತದೆ,
ಕತ್ತು ಒತ್ತಿದರೂ ಹೆಗಲು ಏರುತ್ತಲೇ ಹೋಗುತ್ತದೆ.
ಮೂರು ಸಲ ಸರಿ. ನಾಲ್ಕು ಸಲವೂ ಸರಿ.
ಐದನೆಯದು ಅಕ್ಟೋಬರಿನ ಒಂದು ಬೆಳಗ್ಗೆ.
ಗಂಡು ಮೂಸ್, ಕೊಂಬು ನನ್ನ ತೋಳಿಗಿಂತ ಅಗಲ.
ಮೊದಲ ಗುಂಡು ಒಂದು ಗೇಣು ಹಿಂದೆ ಬಿತ್ತು,
ಆ ತಪ್ಪು ನನ್ನದು, ಡೈಯದ್ದಲ್ಲ.
ಎರಡನೆಯದಕ್ಕೆ ಚಿಲಕ ತಳ್ಳಿದೆ.
ಮುಚ್ಚಲಿಲ್ಲ.
ಕಾಗದದಷ್ಟು, ಅಲ್ಲ, ಕಾಗದಕ್ಕಿಂತ ತೆಳುವಾದ ಉಬ್ಬು.
ನಾನು ಚಿಲಕ ಗುದ್ದುತ್ತಿದ್ದೆ,
ಅದು ನನ್ನನ್ನೇ ನೋಡುತ್ತ ನಿಂತಿತ್ತು,
ಆಮೇಲೆ ಅವಸರವೇನಿಲ್ಲ ಎಂಬಂತೆ
ಜೌಗಿಗೆ ಇಳಿಯಿತು.

ಎರಡು ದಿನ.
ಪೆನಿಯ ಅಂಗಾಲು ಸುಲಿದುಹೋಯಿತು, ನಾಯಿ ಆದರೂ ಬಿಡಲಿಲ್ಲ.
ಕೊನೆಗೆ ಕಾಗೆಗಳು ತೋರಿಸಿಕೊಟ್ಟವು.
ಮಾಂಸ ತಿನ್ನುವ ಹಾಗಿರಲಿಲ್ಲ.
ಬೇಟೆಯ ಗುಂಪಿನಲ್ಲಿ ಯಾರೂ ಒಂದು ಮಾತಾಡಲಿಲ್ಲ;
ಕಾಯ್ನುವಿನ ಈ ಗಡಿಯಲ್ಲಿ ಬೈಯುವುದೆಂದರೆ ಅದೇ.

ಹಾಗಾಗಿ ಮೈ ಪೂರ್ತಿ ಒತ್ತುವ ಡೈ.
ಕೆಳಗಿನ ಹಿಡಿಕೆಗೆ ತಾಕುವವರೆಗೆ ತಿರುಗಿಸು,
ಆಮೇಲೆ ಇನ್ನೊಂದು ಕಾಲು ಸುತ್ತು.
ಟ್ರಿಮ್ಮರ್ ಬೇಕೇ ಅಂತ ಕೇಳಬೇಡ. ಬೇಕು.
ಒತ್ತಿದ ಹಿತ್ತಾಳೆ ಎಲ್ಲಿಗಾದರೂ ಹೋಗಬೇಕಲ್ಲ,
ಕತ್ತಿನ ಕಡೆಗೆ ಹರಿಯುತ್ತದೆ, ಉದ್ದವಾಗುತ್ತದೆ.
ಕರೆಂಟಿನದು ಬೇಡ, ಕೈಯಲ್ಲಿ ತಿರುಗಿಸುವುದು ಸಾಕು;
ಅರ್ಮಾಸನದು ನನ್ನ ಹತ್ತಿರ ಇದೆ,
ಅವನ ಹೆಂಡತಿ ಕೊಟ್ಟಳು, ಡ್ರಾಯರಿನ ಸಮೇತ.
ತುರಿದ ಹಿತ್ತಾಳೆ ಇನ್ನೂ ಅದರ ಮೂಲೆಯಲ್ಲಿತ್ತು.
ನಾನು ಗುಡಿಸಲಿಲ್ಲ.

ನೀಲಿಯದೇ ತಗೊಳ್ಳುತ್ತೀಯ, ನಿನ್ನ ಮುಖ ಹೇಳುತ್ತಿದೆ.
ತಗೋ. ದುಡ್ಡು ನಿನ್ನದು, ವಯಸ್ಸೂ ನಿನ್ನದು.
ಮೇಜಿಗೆ ಬಿಗಿಯುವ ದಿನ ನನಗೊಂದು ಫೋನು ಮಾಡು.
ಬೇರೇನೂ ಮುಟ್ಟುವುದಿಲ್ಲ,
ಆ ಕಾಲು ಸುತ್ತು ಮಾತ್ರ
ನಾನು ತಿರುಗಿಸಿ ಬರುತ್ತೇನೆ.